ಮೂಲದಲ್ಲಿದೆ

ಎಚ್.ಡಿ. ಕೋಟೆ, ಮೇ ೬, ೧೯೭೪

ಹತ್ತಿ ಬೆಳೆಗಾರರ ಸಂಘದಲ್ಲಿ ಪ್ರಚಾರದ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಈ ಒಂದು ವರ್ಷದಲ್ಲಿ ಹೇಳಿದ್ದನ್ನೇ ಹೇಳಿ, ಬರೆದಿದ್ದನ್ನೇ ಬರೆದು ಕೈ ಸೋತಿದೆ. ಮೈಸೂರಿನ ಮೇಲಿನ ಕಚೇರಿಯಿಂದ ಇಂಗ್ಲಿಷಿನಲ್ಲಿ ಒಂದು ಕೈಪಿಡಿ ಬರುತ್ತದೆ. ಓದು ಬಲ್ಲ ರೈತರಿಗಾಗಿ ಅದನ್ನು ಕನ್ನಡದ ಪುಸ್ತಿಕೆಯಾಗಿ ಬರೆಯಬೇಕು. ಸಂತೆಯಲ್ಲಿ ಹಂಚುವುದಕ್ಕೆ ಕರಪತ್ರವಾಗಿ ಬರೆಯಬೇಕು. ಊರೂರಿನ ಗೋಡೆಗೆ ಎರಡು ಸಾಲಿನಲ್ಲಿ ಬರೆಯಬೇಕು. ಓದು ಬಾರದವರಿಗೆ ಚಿತ್ರಪಟ. ಕಾಡಂಚಿನ ಊರುಗಳಿಗೆ, ಕಾಡಿನ ಜನರ ಹಾಡಿಗಳಿಗೆ ಸಂಘದ ಆಳು ಮಾರ ತಮಟೆ ಹೊಡೆದು ಸಾರುವ ಮಾತು. ಐದಕ್ಕೂ ಬೇರೆ ಬೇರೆ ಹಾಳೆ, ಬೇರೆ ಬೇರೆ ದಿನ. ಹೋದ ವರ್ಷ ಸಾಲಿನಿಂದ ಸಾಲಿಗೆ ಬಿಡಬೇಕಾದ ಅಂತರವನ್ನು ಪುಸ್ತಿಕೆಯಲ್ಲಿ ಒಂದು ಬರೆದು ಗೋಡೆಯಲ್ಲಿ ಇನ್ನೊಂದು ಬರೆದೆ. ಬೇಗೂರಿನವರು ಸಂಘದ ಬಾಗಿಲಿಗೇ ಬಂದು ನಕ್ಕು ಹೋದರು. ತಪ್ಪು ನನ್ನದೇ, ಬೇರೆ ಯಾರನ್ನೂ ದೂರುವಂತಿರಲಿಲ್ಲ.

ಇದನ್ನೇ ಯಶೋದೆಯ ಹತ್ತಿರ ಹೇಳಿಕೊಳ್ಳುತ್ತಿದ್ದಾಗ ಅವಳು ಮುದ್ದೆ ತೊಳಸುತ್ತ, "ಹಿಟ್ಟು ಒಂದ್ಸಲ ಬೀಸ್ಕಂಡ್ರೆ ಆಯ್ತಲ್ಲ. ಮುದ್ದೆಗೊಂದ್ಸಲ ರೊಟ್ಟಿಗೊಂದ್ಸಲ ಬೀಸ್ತಾರಾ?" ಅಂದಳು. ಮದುವೆಯಾಗಿ ಮೂರು ವರ್ಷವಾದರೂ ಅವಳ ಬಾಯಲ್ಲಿ ತವರು ಬಿಳಿಕೆರೆಯ ಮಾತು ಹಾಗೇ ಇದೆ. ಆದರೆ ಮಾತು ನೇರ. ಊಟಕ್ಕೂ ಕಾಯದೆ ಹಾಳೆ ತೆಗೆದು ಕೂರಬೇಕೆನ್ನಿಸಿತು.

ಮೇ ೧೪

ಮಾಡಿ ಮುಗಿಸಿದೆ. ದೊಡ್ಡ ಹಾಳೆಯಲ್ಲಿ ಕೈಪಿಡಿಯ ವಿಷಯವನ್ನೆಲ್ಲ ಒಮ್ಮೆ ಮಾತ್ರ ಬರೆಯುವುದು. ಒಂದು ಮಾತಿಗೆ ಒಂದು ಅಂಕಿ. ಇದಕ್ಕೆ 'ಮೂಲ' ಎಂದು ಹೆಸರಿಟ್ಟಿದ್ದೇನೆ. ಎಡಗಡೆ ಐದು ಪಟ್ಟಿ: ಪುಸ್ತಿಕೆ, ಕರಪತ್ರ, ಗೋಡೆ, ಚಿತ್ರ, ಸಾರು. ಯಾವ ಮಾತು ಯಾವ ರೂಪಕ್ಕೆ ಹೋಗಬೇಕೋ ಆ ಪಟ್ಟಿಯಲ್ಲಿ ಒಂದು ಗುರುತು. ಕರಪತ್ರ ಬೇಕಾದರೆ ಕರಪತ್ರದ ಗುರುತಿದ್ದ ಮಾತುಗಳನ್ನಷ್ಟೇ ಹೆಕ್ಕಿ ಬರೆದರಾಯಿತು. ಏನಾದರೂ ತಿದ್ದಬೇಕಾದರೆ ಮೂಲದಲ್ಲಿ ತಿದ್ದಿದರೆ ಸಾಕು. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಆಗುವ ಮಾತೇ ಇಲ್ಲ.

ಎಚ್ಚರಿಕೆಯ ಮಾತುಗಳಿಗೆ ಕೆಂಪು ಶಾಯಿ. ಕೆಂಪು ಗುರುತಿದ್ದದ್ದು ಐದು ರೂಪಕ್ಕೂ ಹೋಗಲೇಬೇಕು. ಇದು ನಾನೇ ಹಾಕಿಕೊಂಡ ಕಟ್ಟಳೆ.

ಕಾರ್ಯದರ್ಶಿ ಮಹದೇವಪ್ಪನವರು ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ತುಂಬ ಹೊತ್ತು ನೋಡಿದರು. ಇದನ್ನು ಮೈಸೂರಿನವರಿಗೂ ತೋರಿಸಬೇಕು ಎಂದರು. ನನ್ನ ಕೆಲಸ ಖಾಯಂ ಮಾಡುವ ವಿಷಯವನ್ನು ಅವರೇ ಎತ್ತಿದರು.

ಜೂನ್ ೩

ಹತ್ತಿಯ ಕಾಯಿಕೊರಕ ಹುಳಕ್ಕೆ ಹೊಡೆಯುವ ಹೊಸ ಎಣ್ಣೆ ಬಂದಿದೆ. ಡಬ್ಬಗಳು ಉಗ್ರಾಣದಲ್ಲಿ ಇಳಿದಿವೆ. ಬಾಗಿಲು ತೆರೆದರೆ ಸಾಕು, ವಾಸನೆ ತಲೆಗೇರುತ್ತದೆ. ಕೈಪಿಡಿ ಪೂರ್ತಿ ಓದಿದೆ. ಇಂಥದನ್ನು ನಾನು ಈವರೆಗೆ ಕನ್ನಡಕ್ಕೆ ತಂದಿಲ್ಲ. ಬಾಯಿಗೆ ಹೋಗಬೇಕೆಂದೇನೂ ಇಲ್ಲ, ಚರ್ಮಕ್ಕೆ ಹತ್ತಿದರೂ ಒಳಕ್ಕಿಳಿಯುತ್ತದಂತೆ. ಮಕ್ಕಳಿಗಂತೂ ಅಂಗೈಯಗಲ ಹತ್ತಿದರೆ ಸಾಕಂತೆ.

ನಮ್ಮ ಜನ ಇಂಥದ್ದಕ್ಕೆಲ್ಲ 'ಔಷಧಿ' ಎಂದೇ ಹೇಳುತ್ತಾರೆ. ಹತ್ತಿಗೆ ಔಷಧಿ ಹೊಡೆಯುವುದು, ಮಗುವಿಗೆ ಔಷಧಿ ಕುಡಿಸುವುದು, ಎರಡಕ್ಕೂ ಒಂದೇ ಮಾತು. ಅದಕ್ಕೇ ಮೂಲದಲ್ಲಿ ಎಲ್ಲಿಯೂ ಔಷಧಿ ಎಂದು ಬರೆಯಲಿಲ್ಲ. 'ಇದು ವಿಷ. ಮೈಗೆ, ತಲೆಗೆ, ಕಣ್ಣಿಗೆ ಸೋಕಬಾರದು. ಮಕ್ಕಳಿಂದ ದೂರವಿಡಿ. ಬೇರೆ ಪಾತ್ರೆಗೆ, ಸೀಸೆಗೆ ಸುರಿದಿಡಬೇಡಿ.' ಈ ಸಾಲುಗಳಿಗೆಲ್ಲ ಐದು ಪಟ್ಟಿಯಲ್ಲೂ ಕೆಂಪು ಗುರುತು ಹಾಕಿದೆ. ಚಿತ್ರಪಟಕ್ಕೆ ತಲೆಬುರುಡೆ ಬರೆದೆ. ಯಶೋದೆ ನೋಡಿ ಹೆದರಿದಳು. ಹೆದರಲಿ ಎಂದೇ ಬರೆದದ್ದು ಎಂದೆ.

ಜೂನ್ ೧೦

ಮಹದೇವಪ್ಪನವರು ಕರೆಸಿದರು. ಗೋಡೆ, ಚಿತ್ರ, ಸಾರು, ಈ ಮೂರರಿಂದಲೂ ಕೆಂಪಿನದನ್ನು ತೆಗೆಯಬೇಕಂತೆ. ಪುಸ್ತಿಕೆ ಮತ್ತು ಕರಪತ್ರದಲ್ಲಿ ಬೇಕಾದರೆ ಸಣ್ಣ ಅಕ್ಷರದಲ್ಲಿ ಇರಲಿ ಎಂದರು.

"ನೀವು ಬರ್ದಿರೋದು ಸರಿ ಕಣ್ರೀ ಸೋಮಯ್ಯ, ನಾನು ಇಲ್ಲ ಅನ್ನಲ್ಲ. ಆದ್ರೆ ಗೋಡೆ ಮೇಲೆ ವಿಷ ಅಂತ ಬರ್ಕೊಂಡು ಕೂತ್ರೆ ಯಾರು ಕೊಂಡ್ಕೊತಾರೆ ಹೇಳಿ? ಉಗ್ರಾಣದ ತುಂಬ ಡಬ್ಬ ಇದೆ. ಡಬ್ಬದ ಮೇಲೆ ಬುರುಡೆ ಚಿತ್ರ ಇದ್ದೇ ಇದೆಯಲ್ಲ."

ಪುಸ್ತಿಕೆ ಓದುವವನಿಗಿಂತ ಗೋಡೆ ನೋಡುವವನಿಗೇ ಎಚ್ಚರಿಕೆ ಹೆಚ್ಚು ಬೇಕು ಎಂದೆ. ತಮಟೆ ಕೇಳುವವರಿಗೆ ಇನ್ನೂ ಹೆಚ್ಚು ಬೇಕು ಎಂದೆ. ನನ್ನ ಧ್ವನಿ ಏರಿತ್ತು ಎಂದು ಕಾಣುತ್ತದೆ, ಹೊರಗಿದ್ದವರು ಇಣುಕಿ ನೋಡಿದರು. ಬರೆಯುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಜೂನ್ ೧೧

ಬೆಳಗಾದರೂ ಕೋಪ ಇಳಿದಿಲ್ಲ. ಕೆಲಸ ಬಿಡುತ್ತೇನೆ ಎಂದು ಯಶೋದೆಗೆ ಹೇಳಿದೆ. ಅವಳು ಬೇಡವೆನ್ನುತ್ತಾಳೆ ಅಂದುಕೊಂಡಿದ್ದೆ. ಬಿಡಿ, ಬಿಳಿಕೆರೆಯಲ್ಲಿ ಅಣ್ಣ ರಸ್ತೆ ಬದಿಗೆ ಅಂಗಡಿ ಹಾಕುತ್ತಿದ್ದಾನೆ, ಓದು ಬರಹ ಬಲ್ಲವರು ಬೇಕಂತೆ, ಇಬ್ಬರ ಹೊಟ್ಟೆಗೆ ಅಲ್ಲಿ ಏನೂ ತೊಂದರೆಯಿಲ್ಲ ಎಂದಳು. ಇಷ್ಟು ಸುಲಭವಾಗಿ ಹೇಳಿಬಿಟ್ಟಳಲ್ಲ ಎಂದು ಒಂದು ಥರಾ ಆಯಿತು.

ಜೂನ್ ೧೭

ಅಂಗಡಿಯಲ್ಲಿ ಕುಳಿತು ಬೆಲ್ಲ ತೂಗುವುದಕ್ಕೆ ನಾನು ಹೈಸ್ಕೂಲು ಮುಗಿಸಲಿಲ್ಲ. ಈ ವಿಧಾನ ಕಟ್ಟಿದವನು ನಾನು. ನಾನು ಬಿಟ್ಟು ಹೋದರೆ ಮಹದೇವಪ್ಪನವರು ಇನ್ನೊಬ್ಬನಿಂದ ಬರೆಸುತ್ತಾರೆ, ಅವನು ಪುಸ್ತಿಕೆಯಲ್ಲೂ ಎಚ್ಚರಿಕೆ ಬರೆಯಲಾರ. ನಾನಿದ್ದರೆ ಎರಡು ರೂಪದಲ್ಲಾದರೂ ಉಳಿಯುತ್ತದೆ. ಹೀಗೆಂದು ಅವರೇ ಇವತ್ತು ಹೇಳಿದರು. ಯೋಚಿಸಿದರೆ ಸುಳ್ಳಲ್ಲ.

ಮಾತು ಒಪ್ಪಂದಕ್ಕೆ ಬಂತು. ಮೂಲವನ್ನು ನಾನು ಮುಟ್ಟುವುದಿಲ್ಲ. ಅದರಲ್ಲಿ ಪ್ರತಿಯೊಂದು ಎಚ್ಚರಿಕೆಯೂ ಹಾಗೆಯೇ ಇರುತ್ತದೆ. ಮೂರು ಪಟ್ಟಿಯ ಗುರುತನ್ನು ಮಾತ್ರ ಬ್ಲೇಡಿನಿಂದ ಕೆರೆದು ತೆಗೆದೆ. ಕೆಂಪು ಶಾಯಿ ಪೂರ್ತಿ ಹೋಗಲಿಲ್ಲ, ಹಾಳೆ ಅಲ್ಲಲ್ಲಿ ತೆಳುವಾಯಿತು.

ತಲೆಬುರುಡೆಯ ಜಾಗಕ್ಕೆ ಅರಳಿದ ಹತ್ತಿ ಹಿಡಿದು ನಗುವ ರೈತನನ್ನು ಬರೆದೆ.

ಜೂನ್ ೨೮

ಇಡೀ ದಿನ ಬೇಗೂರಿನಲ್ಲಿದ್ದೆ. ಕೇರಳದ ಕಡೆ ಹೋಗುವ ದಾರಿಗೆ ಎದುರಾಗಿ ಹತ್ತಿ ಬೆಳೆಗಾರ ಚಿಕ್ಕಬೀರಯ್ಯನವರ ಕಣಜದ ಗೋಡೆಯಿದೆ. ಹಾಡಿಯವರು ಕೂಲಿಗೆ ಬರುವುದೂ ಅದೇ ದಾರಿಯಲ್ಲಿ. ಸುಣ್ಣ ಬಳಿಸಿ ನೀಲಿಯಲ್ಲಿ ಬರೆದೆ:

'ಹುಳದ ಕಾಟವೇ? ಸಂಘದ ಔಷಧಿ ತನ್ನಿ. ಯಾವ ಹುಳವೂ ಉಳಿಯದು.'

ಎರಡೇ ಸಾಲಿನಲ್ಲಿ ಕುಳಿತಿತು. ಎಷ್ಟೋ ದಿನದಿಂದ ಇಂಥ ಒಂದು ಮಾತು ಹುಡುಕುತ್ತಿದ್ದೆ. 'ವಿಷ' ಎನ್ನುವುದು ಇದರಲ್ಲಿ ಹೊಂದುವುದೂ ಇಲ್ಲ. ಚಿಕ್ಕಬೀರಯ್ಯನವರು ಜಗಲಿಯ ಮೇಲೆ ನಿಂತು ಎರಡು ಸಲ ಓದಿಸಿಕೊಂಡು, ತಮ್ಮ ಹೊಲಕ್ಕೇ ಮೊದಲು ಹೊಡೆಸುತ್ತೇನೆ ಎಂದರು. ಊಟ ಅವರ ಮನೆಯಲ್ಲೇ ಆಯಿತು.

ಜುಲೈ ೯

ಮಾರನಿಗೆ ಸಾರುವ ಮಾತು ಹೇಳಿಕೊಟ್ಟೆ. ಅವನಿಗೆ ಓದು ಬಾರದು. ಆದರೆ ಒಂದು ಸಲ ಕೇಳಿದ್ದನ್ನು ಹಾಗೆಯೇ ಹಿಡಿದುಕೊಳ್ಳುತ್ತಾನೆ, ತಮಟೆಯ ಪೆಟ್ಟಿಗೆ ಮಾತನ್ನು ಕೂಡಿಸಿಕೊಳ್ಳುತ್ತಾನೆ. ಗೋಡೆಯ ಮಾತನ್ನೇ ಹೇಳಿಕೊಟ್ಟೆ. ಎರಡು ಸುತ್ತು ಸಾರಿ ತೋರಿಸಿದ. ಹೊರಡುವಾಗ ತಿರುಗಿ ನಿಂತು ಕೇಳಿದ:

"ಡಬ್ಬದ ವಾಸ್ನೆಗೇ ಉಗ್ರಾಣದ ಆಳುಗಳು ವಾಂತಿ ಮಾಡ್ತವ್ರೆ ಬುದ್ದಿ. ಮಕ್ಳು ಮರಿ ಇರೋ ಕಡೆ ಉಷಾರು ಅಂತ ಒಂದ್ ಮಾತು ಸೇರಿಸ್ಕಳ್ಳಾ?"

ಹೇಳಿಕೊಟ್ಟಷ್ಟನ್ನೇ ಸಾರು, ನಿನ್ನ ಕಡೆಯಿಂದ ಏನೂ ಸೇರಿಸಬೇಡ ಎಂದೆ. ಒಬ್ಬೊಬ್ಬರು ಒಂದೊಂದು ಸೇರಿಸುತ್ತಾ ಹೋದರೆ ವಿಧಾನಕ್ಕೆ ಅರ್ಥವೆಲ್ಲಿ ಉಳಿಯುತ್ತದೆ? ಅವನು ಆಯಿತು ಬುದ್ದಿ ಎಂದು ಹೊರಟ.

ಜುಲೈ ೨೨

ಖಾಯಂ ಆದೇಶ ಕೈಗೆ ಬಂತು. ಉಗ್ರಾಣ ಬರಿದಾಗುತ್ತಿದೆ, ಎರಡನೆಯ ಲಾರಿಗೆ ಬರೆದಿದ್ದಾರೆ. ಯಶೋದೆ ಪಾಯಸ ಮಾಡಿದ್ದಳು. ತಾನು ತಿನ್ನಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದಳು.

ಆಗಸ್ಟ್ ೧೨

ಬೇಗೂರಿನ ಹತ್ತಿರದ ಹಾಡಿಯ ಒಂದು ಮಗು ತೀರಿಕೊಂಡಿದೆ. ಹೆಸರು ಚಿಕ್ಕಿ. ಹಾಲುಹಲ್ಲು ಬೀಳುತ್ತಿದ್ದ ಹುಡುಗಿ.

ನಾನು ಸಂಘದಲ್ಲಿದ್ದೆ. ಮಧ್ಯಾಹ್ನದ ಬಸ್ಸು ಬಂದು ನಿಂತಾಗ ಜನ ಓಡಿದರು. ನಾನೂ ಹೋದೆ. ಅಪ್ಪ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಇಳಿದ. ಆಸ್ಪತ್ರೆಗೆ ದಾರಿ ಯಾವುದು ಎಂದು ಕೇಳುತ್ತಿದ್ದ. ಹಿಂದೆಯೇ ತಾಯಿ. ಕಂಬಳಿಯಿಂದ ಉಗ್ರಾಣದ ವಾಸನೆ ಬರುತ್ತಿತ್ತು. ಮುಂದೆ ಹೋಗಿ ದಾರಿ ತೋರಿಸಬೇಕಿತ್ತು, ಬೇರೆ ಯಾರೋ ತೋರಿಸಿದರು. ಡಾಕ್ಟರು ಬಟ್ಟೆ ಸರಿಸಿ ನೋಡಿ, ದಾರಿಯಲ್ಲೇ ಹೋಗಿದೆ ಎಂದರಂತೆ.

ಮಗುವಿನ ತಲೆಯಲ್ಲಿ ಹೇನು ತುಂಬಿದ್ದವು. ತಾಯಿ ಚಿಕ್ಕಬೀರಯ್ಯನವರ ಹೊಲದಲ್ಲಿ ಔಷಧಿ ಹೊಡೆಯುವವರಿಗೆ ನೀರು ಹೊರುತ್ತಾಳೆ. ಡಬ್ಬದ ತಳದಲ್ಲಿ ಉಳಿದಿದ್ದನ್ನು ಸೀಸೆಗೆ ಬಗ್ಗಿಸಿಕೊಂಡು ಹೋಗಿ, ಬೆಳಿಗ್ಗೆ ಮಗುವಿನ ತಲೆಗೆ ತಿಕ್ಕಿ, ಬಿಸಿಲಿಗೆ ಕೂರಿಸಿದ್ದಾಳೆ.

ಮನೆಗೆ ಬಂದು ಕೈ ಎಷ್ಟು ಸಲ ತೊಳೆದರೂ ವಾಸನೆ ಹೋಗುತ್ತಿಲ್ಲ. ನಾನು ಏನನ್ನೂ ಮುಟ್ಟಿರಲಿಲ್ಲ.

ಆಗಸ್ಟ್ ೧೩

ಬರೆಯಲಾರೆ.

ಆಗಸ್ಟ್ ೧೬

ಪೊಲೀಸಿನವರು ಮಹಜರು ಮಾಡಲು ಹಾಡಿಗೆ ಹೊರಟಾಗ ಮಹದೇವಪ್ಪನವರು ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬರು ಬೇಕು ಎಂದರು. ಬಿದಿರ ತಟ್ಟಿಯ ಗುಡಿಸಲು. ಸೀಸೆ ಇನ್ನೂ ಸೂರಿನಲ್ಲಿ ಸಿಕ್ಕಿಸಿದ ಹಾಗೇ ಇತ್ತು. ಸೀಸೆಯ ಮೇಲೆ ಬುರುಡೆಯಿಲ್ಲ, ಅಕ್ಷರವಿಲ್ಲ, ಏನೂ ಇಲ್ಲ.

ತಾಯಿಯ ಹೆಸರು ಸಣ್ಣಿ. ಅಳುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಯಾಕೆ ತಲೆಗೆ ಹಚ್ಚಿದೆ ಎಂದು ದಫೇದಾರರು ಕೇಳಿದಾಗ ಅವಳು ಆ ಪ್ರಶ್ನೆಯೇ ಅರ್ಥವಾಗದವಳಂತೆ ಎಲ್ಲರ ಮುಖ ನೋಡಿದಳು.

"ಹುಳದ್ ಔಸ್ತಿ ಅಂದ್ರು. ಯಾವ ಹುಳನೂ ಉಳಿಯಾಕಿಲ್ಲ ಅಂತ ತಮಟೆ ಒಡುದ್ರು. ಏನೂ ಒಂದ್ ಹುಳನೇ ಅಲ್ವಾ ಬುದ್ದಿ?"

ಹೇನೂ ಒಂದು ಹುಳವೇ. ನಾನು ಅದನ್ನು ಹಾಳೆಯ ಮೇಲೆ ಬರೆದುಕೊಂಡೆ. ದಫೇದಾರರು ಮುಂದಿನ ಪ್ರಶ್ನೆಗೆ ಹೋದರು. ಮಹದೇವಪ್ಪನವರು ಹೊರಗೆ ನಿಂತು ಕಾಡಿನ ಕಡೆ ನೋಡುತ್ತಿದ್ದರು.

ಹಿಂತಿರುಗುವ ದಾರಿಯಲ್ಲಿ ಕಣಜದ ಗೋಡೆ ದಾಟುವಾಗ ನಾನು ಇನ್ನೊಂದು ಕಡೆ ತಿರುಗಿದೆ.

ಮನೆಯಲ್ಲಿ ಯಶೋದೆಗೆ ಎಲ್ಲ ಹೇಳಿದೆ. ವಿಚಾರಣೆಯಲ್ಲಿ ಆದದ್ದನ್ನೆಲ್ಲ ಆದ ಹಾಗೆ ಹೇಳುತ್ತೇನೆ, ಕೆಂಪು ಗುರುತು ಯಾರು ತೆಗೆಸಿದರು, ಯಾರು ತೆಗೆದರು, ಎಲ್ಲವನ್ನೂ ಹೇಳುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಈಚೆಗೆ ಹಿಡಿದಿರಲಿಲ್ಲ.

ಆಗಸ್ಟ್ ೨೩

ಮೈಸೂರಿನಿಂದ ವಿಚಾರಣೆಗೆ ಬರುತ್ತಾರಂತೆ. ಮಹದೇವಪ್ಪನವರು ಇವತ್ತು ಮನೆಗೇ ಬಂದಿದ್ದರು. ಮುಖ ಇಳಿದುಹೋಗಿತ್ತು. ಮೂರು ಹೆಣ್ಣುಮಕ್ಕಳ ತಂದೆ ಕಣ್ರೀ ನಾನು ಎಂದರು. ಸುಳ್ಳು ಹೇಳಿ ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೈದು ಕಳಿಸುತ್ತಿದ್ದೆ. ಮೂಲದ ಹಾಳೆ ತನ್ನಿ, ಅದರಲ್ಲಿ ಏನಿದೆಯೋ ಅದನ್ನು ತೋರಿಸಿ, ಅಷ್ಟು ಸಾಕು ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು: ಗುರುತು ಕೆರೆದು ತೆಗೆದದ್ದು ನಿಮ್ಮ ಕೈ, ಅದಕ್ಕೆ ನನ್ನ ಸಹಿ ಎಲ್ಲಿಯೂ ಇಲ್ಲ.

ಅದೂ ನಿಜವೇ.

ಆಗಸ್ಟ್ ೨೯

ವಿಚಾರಣೆ ಮುಗಿಯಿತು. ಬಂದಿದ್ದವರು ಸಭ್ಯರು. ನನ್ನನ್ನು ಕೂರಿಸಿಯೇ ಮಾತಾಡಿಸಿದರು. ಸಂಘದವರು ಜನರಿಗೆ ಎಚ್ಚರಿಕೆ ಕೊಟ್ಟಿದ್ದಿರಾ ಎಂದು ಕೇಳಿದರು. ಮೂಲದ ಹಾಳೆ ಬಿಡಿಸಿ ಮುಂದಿಟ್ಟೆ. ಅವರು ಒಂದೊಂದನ್ನೇ ಓದಿದರು. 'ತಲೆಗೆ ಸೋಕಬಾರದು' ಎಂದೇ ಬರೆದಿದೆಯಲ್ಲ ಎಂದು ಆಶ್ಚರ್ಯಪಟ್ಟರು. ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟ ಸಂಘವನ್ನು ತಾವು ಬೇರೆಲ್ಲೂ ಕಂಡಿಲ್ಲ ಎಂದರು. ಹಾಳೆ ತೆಳುವಾಗಿದ್ದ ಜಾಗದ ಮೇಲೆ ಅವರ ಬೆರಳು ಹಾದುಹೋಯಿತು. ಕೇಳುತ್ತಾರೆ ಎಂದು ಕಾದೆ. ಕೇಳಿದ್ದರೆ ಹೇಳುತ್ತಿದ್ದೆ.

ಹಾಗಾದರೆ ಹಾಡಿಯವರಿಗೆ ಈ ಮಾತು ಯಾಕೆ ತಲುಪಲಿಲ್ಲ ಎಂದು ಕೇಳಿದರು. ನನಗಿಂತ ಮೊದಲು ಮಹದೇವಪ್ಪನವರು, ಸಾರುವವನು ಓದು ಬಾರದವನು ಸ್ವಾಮಿ ಎಂದರು.

ಮಾರನನ್ನು ಒಳಗೆ ಕರೆದರು. ತನಗೆ ಹೇಳಿಕೊಟ್ಟಷ್ಟನ್ನೇ ಸಾರಿದೆ ಎಂದ. ಅವರು ನನ್ನ ಕಡೆ ತಿರುಗಿದರು.

"ಎಚ್ಚರಿಕೆ ಇತ್ತೋ ಇಲ್ಲವೋ?"

"ಮೂಲದಲ್ಲಿದೆ ಸ್ವಾಮಿ," ಎಂದೆ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವರು ಬರೆದುಕೊಂಡರು. ಮಾರ ನನ್ನನ್ನೇ ನೋಡುತ್ತ ನಿಂತಿದ್ದ. ಇನ್ನು ಹೋಗು ಎಂದಾಗಲೂ ಸ್ವಲ್ಪ ಹೊತ್ತು ನಿಂತೇ ಇದ್ದ.

ಸೆಪ್ಟೆಂಬರ್ ೨

ಮಾರನನ್ನು ಸಂಘದ ಕೆಲಸದಿಂದ ಬಿಡಿಸಿದರು. ಮಾತನ್ನು ಅರ್ಧ ನುಂಗಿ ಮಗು ಸಾಯಿಸಿದವನು ಎಂದು ಪೇಟೆಯಲ್ಲೆಲ್ಲ ಆಗಿದೆ. ಬೇರೆ ಊರುಗಳವರೂ ಅವನನ್ನು ಕರೆಯುವುದಿಲ್ಲವಂತೆ.

ಬೆಳಿಗ್ಗೆ ಮನೆಯ ಮುಂದೆ ಬಂದು ನಿಂತಿದ್ದ. ಜಗಳಕ್ಕೆ ಬಂದಿದ್ದಾನೆ ಅಂದುಕೊಂಡೆ. ಧ್ವನಿ ಎತ್ತಲಿಲ್ಲ. "ನಾನ್ ಕೇಳಿರ್ನಿಲ್ವಾ ಬುದ್ದಿ? ಒಂದ್ ಮಾತು ಸೇರಿಸ್ಕಳ್ಳಾ ಅಂತ ಕೇಳಿರ್ನಿಲ್ವಾ?" ಎಂದ. ಹೌದು, ನೀನು ಕೇಳಿದ್ದೆ ಎಂದೆ. ಅಷ್ಟು ಅಲ್ಲಿ ಹೇಳಿದ್ದರೆ ಸಾಕಿತ್ತು ಎಂದ. ಯಶೋದೆ ಮಜ್ಜಿಗೆ ತಂದುಕೊಟ್ಟಳು. ಕುಡಿದು, ಲೋಟ ತೊಳೆದಿಟ್ಟು ಹೋದ.

ಅವನು ಹೋದ ಮೇಲೆ ಅವಳು ಕೇಳಿದಳು: "ಅವ್ನು ಕೇಳಿದ್ನಾ?"

ಕೇಳಿದ್ದ, ಆದರೆ ಅದು ವಿಚಾರಣೆಗೆ ಸಂಬಂಧಿಸಿದ್ದಲ್ಲ, ಅಧಿಕಾರಿಗಳು ಅದನ್ನು ಕೇಳಲಿಲ್ಲ ಎಂದು ವಿವರಿಸಿದೆ. ಮೂಲ ಅಂದರೇನು, ರೂಪ ಅಂದರೇನು ಎಂದು ಮೊದಲಿಂದ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಎಲ್ಲ ಹೇಳ್ತೀನಿ ಅಂದಿದ್ರಿ," ಅಂದಳು. ಹೆಂಗಸರಿಗೆ ಕಚೇರಿಯ ವಿಷಯ ತಿಳಿಸಿ ಹೇಳುವುದು ಕಷ್ಟ.

ಸೆಪ್ಟೆಂಬರ್ ೫

ಯಶೋದೆ ಬಿಳಿಕೆರೆಗೆ ಹೋದಳು. ಅವಳ ತಾಯಿಗೆ ಆರಾಮವಿಲ್ಲವಂತೆ.

ಸೆಪ್ಟೆಂಬರ್ ೨೪

ವರದಿ ಬಂತು. ಸಂಘದ್ದೇನೂ ತಪ್ಪಿಲ್ಲ. ಆ ಪ್ರಕರಣಕ್ಕೆ ತಾಯಿಯ ಅಜಾಗ್ರತೆ ಮತ್ತು ಸಾರುವವನ ಲೋಪ ಕಾರಣ ಎಂದಿದೆ. ಇನ್ನು ಮುಂದೆ ಗೋಡೆ ಬರಹದಲ್ಲೂ ಎಚ್ಚರಿಕೆಯ ಮಾತು ಇರಲಿ ಎಂದು ಸಲಹೆ ಕೊಟ್ಟಿದ್ದಾರೆ. ಇದು ನಾನು ಮೊದಲಿಂದಲೂ ಹೇಳುತ್ತಿದ್ದದ್ದೇ. ಮಹದೇವಪ್ಪನವರಿಗೆ ಇದನ್ನು ನೆನಪಿಸಿದೆ, ಅವರು ನಕ್ಕು ಬೆನ್ನು ತಟ್ಟಿದರು.

ಕೊನೆಯ ಪುಟದಲ್ಲಿ ನನ್ನ ಹೆಸರಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಇಂಥ ಸಂಘಗಳಿಗೆಲ್ಲ ಸೋಮಯ್ಯನವರ ವಿಧಾನವನ್ನು ಕಲಿಸುವುದು ಒಳ್ಳೆಯದು ಎಂದು ಬರೆದಿದ್ದಾರೆ. ದಸರಾ ಕಳೆದ ಮೇಲೆ ಮೊದಲು ಹುಣಸೂರಿಗೆ ಹೋಗಬೇಕು. ಅಲ್ಲಿನ ಹೊಗೆಸೊಪ್ಪಿನ ಬೆಳೆಗಾರರಿಗೆ ಮಾಡಬೇಕಾದ ಮೂಲವನ್ನು ಈಗಲೇ ಶುರು ಮಾಡಿದ್ದೇನೆ. ಅವರ ಕೈಪಿಡಿಯಲ್ಲಿ ಎಚ್ಚರಿಕೆಗಳೇ ಒಂದು ಅಧ್ಯಾಯದಷ್ಟಿವೆ. ಎಲ್ಲವನ್ನೂ ಎಲ್ಲ ರೂಪಕ್ಕೂ ಹಾಕಿದರೆ ಓದುವವರಿಗೇ ಬೇಸರ. ಕೆಲವನ್ನು ಪುಸ್ತಿಕೆಗೆ ಮಾತ್ರ ಗುರುತಿಸಿದೆ.

ಅಕ್ಟೋಬರ್ ೩

ಬಿಳಿಕೆರೆಗೆ ಹೋಗಿ ಬಂದೆ. ಅತ್ತೆಯವರು ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತ ಕುಳಿತಿದ್ದರು. ಚೇತರಿಸಿಕೊಂಡಿದ್ದಾರೆ ಎಂದು ಕಾಣುತ್ತದೆ. ಯಶೋದೆ ಅಂಗಡಿಯಲ್ಲಿದ್ದಳು, ತಕ್ಕಡಿ ಹಿಡಿದಿದ್ದಳು. ಹುಣಸೂರಿನ ವಿಷಯ ಹೇಳಿದೆ. ಅಲ್ಲಿ ಮನೆ ಮಾಡಿದರೆ ಬಿಳಿಕೆರೆಗೆ ಹತ್ತಿರವಾಗುತ್ತದೆ, ನಿನಗೂ ಅನುಕೂಲ ಎಂದೆ. ಅವಳು ಗಿರಾಕಿಗೆ ಸಕ್ಕರೆ ಕಟ್ಟಿಕೊಟ್ಟು, ಮಾರ ಏನು ಮಾಡುತ್ತಿದ್ದಾನೆ ಎಂದು ಕೇಳಿದಳು. ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದನಂತೆ ಎಂದೆ. ಬರುತ್ತೀಯಾ ಎಂದು ಕೇಳಿದೆ. ಸದ್ಯಕ್ಕೆ ಆಗುವುದಿಲ್ಲ ಎಂದಳು. ಬಸ್ಸಿನ ತನಕವೂ ಬರಲಿಲ್ಲ. ಅಂಗಡಿ ಬಿಟ್ಟು ಬರುವಂತಿರಲಿಲ್ಲ.

ಅಕ್ಟೋಬರ್ ೧೧

ಹುಣಸೂರಿಗೆ ಹೊರಡುವ ಮೊದಲು ಇಲ್ಲಿನ ಗೋಡೆಗಳನ್ನೆಲ್ಲ ಹೊಸದಾಗಿ ಬರೆದು ಮುಗಿಸಬೇಕೆಂದು ಮಹದೇವಪ್ಪನವರು ಹೇಳಿದ್ದಾರೆ. ಇವತ್ತು ಬೇಗೂರು. ಬೆಳಿಗ್ಗೆಯೇ ಹೋದೆ. ಕಣಜದ ಗೋಡೆಗೆ ನಿನ್ನೆಯೇ ಸುಣ್ಣ ಬಳಿಸಿದ್ದರು, ಹಳೆಯದು ಒಂದಿಷ್ಟೂ ಕಾಣುತ್ತಿರಲಿಲ್ಲ. ಈ ಸಲ ಕೆಂಪು ಬಣ್ಣ.

ಮೂರನೆಯ ಸಾಲು ಬರೆಯುತ್ತಿದ್ದಾಗ ಹಿಂದೆ ಯಾರೋ ನಿಂತಿರುವಂತೆ ಅನ್ನಿಸಿ ತಿರುಗಿದೆ. ಸಣ್ಣಿ. ಸೌದೆಯ ಹೊರೆಯನ್ನು ಕೆಳಗಿಳಿಸಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನ ಗುರುತು ಹತ್ತಿತು ಎಂದು ಕಾಣುತ್ತದೆ. ಏನು ಬರೆಯುತ್ತಿದ್ದೀರಿ, ಓದಿ ಹೇಳಿ ಎಂದಳು.

ಓದಿದೆ. 'ಇದು ವಿಷ. ಮೈಗೆ, ತಲೆಗೆ ಸೋಕಿಸಬೇಡಿ. ಮಕ್ಕಳಿಂದ ದೂರವಿಡಿ.'

ಅವಳು ಗೋಡೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದಳು.

"ಆಗ್ಲೂ ಇಂಗೇ ಬರ್ದಿತ್ತಾ ಬುದ್ದಿ?"

ಕುಂಚದಿಂದ ಬಣ್ಣ ತೊಟ್ಟಿಕ್ಕುತ್ತಿತ್ತು, ಡಬ್ಬದ ಮೇಲೆ ಹಿಡಿದುಕೊಂಡೆ.

"ಇತ್ತು," ಎಂದೆ. "ಮಳೆಗೆ ಮಾಸಿತ್ತು. ಅದಕ್ಕೇ ಮತ್ತೆ ಬರೀತಾ ಇದೀನಿ."

ದಿನಾ ಇದೇ ದಾರಿಯಲ್ಲಿ ಓಡಾಡುತ್ತಿದ್ದೆ ಎಂದಳು.

"ಅಂಗಾರೆ ನಾನೇ ಕೊಂದೆ ಕಣ್ಬುದ್ದಿ. ಬರ್ದಿದ್ರೂವೆ ನಾನೇ ಕೊಂದೆ."

ಹಾಗೆಲ್ಲ ಅನ್ನಬಾರದು ಎಂದು ಸಮಾಧಾನ ಹೇಳಿದೆ. ಹೊರೆ ಎತ್ತಲು ಒಂದು ಕೈ ಕೊಟ್ಟೆ. ಅವಳು ಹಾಡಿಯ ಕಡೆ ಹೊರಟುಹೋದಳು, ತಿರುಗಿ ನೋಡಲಿಲ್ಲ. ಪಾಪ, ಯಾಕೆ ಹೀಗಾಯಿತು ಎಂದು ಕೊರಗುತ್ತಿದ್ದವಳಿಗೆ ಒಂದು ಉತ್ತರವಾದರೂ ಸಿಕ್ಕಿತು.

ಮಧ್ಯಾಹ್ನದ ಬಸ್ಸಿಗೆ ಮೊದಲೇ ಕೆಲಸ ಮುಗಿಯಿತು. ದೂರ ನಿಂತು ನೋಡಿದರೆ ಅಕ್ಷರಗಳು ದುಂಡಗೆ ಬಂದಿವೆ. ವಿಷದ 'ಷ'ದ ಹೊಟ್ಟೆ ಸೀಳುವ ಗೆರೆ ಮಾತ್ರ ಸ್ವಲ್ಪ ಓರೆಯಾಗಿತ್ತು. ಮತ್ತೆ ಏಣಿ ಹತ್ತಿ ತಿದ್ದಿದೆ.